ಎಲ್ಲರಿಗೂ ಥ್ಯಾಂಕ್ಸ್, ಅಕ್ಕನಿಗೆ ಸ್ವಲ್ಪ ಜಾಸ್ತಿ

ಭಾನುವಾರ ಸಂಜೆ ಮೈಸೂರಿನಲ್ಲಿ ನಮ್ಮ ಸಿನಿಮಾ ಮೊದಲ ಸಲ ಜನರ ಮುಂದೆ ಬಂತು. ಆವತ್ತಿನಿಂದ ಮೆಸೇಜುಗಳು ಬರುತ್ತಲೇ ಇವೆ. ಒಬ್ಬೊಬ್ಬರಿಗೂ ಉತ್ತರ ಬರೆಯೋಣ ಅಂತ ಕೂತೆ, ಆಗಲಿಲ್ಲ. ಅದಕ್ಕೇ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಶೂಟಿಂಗ್ ಎಷ್ಟು ಸಲ ನಿಂತಿತು, ದುಡ್ಡು ಎಲ್ಲಿಂದ ಬಂತು ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ. ಹೊಸಬರಿಗೆ ಇಷ್ಟು ಸಾಕು: ಇದು ವೇಶ್ಯಾಗೃಹವೊಂದನ್ನು ನಡೆಸಿದ ಹೆಂಗಸಿನ ಕಥೆ. ಇಪ್ಪತ್ತೆರಡರಲ್ಲಿ ಆ ಮನೆಯ ಹೊಸಿಲು ದಾಟಿದವಳು, ಆಮೇಲೆ ಅದರ ಯಜಮಾನಿ ಆದವಳು, ಅರವತ್ತರಲ್ಲಿ ಬೀಗ ಹಾಕಿ ಹೊರಡುತ್ತಾಳೆ. ಆ ಪಾತ್ರ ನನ್ನದು.

ನಿರ್ದೇಶಕರು, ಕ್ಯಾಮೆರಾ ಹುಡುಗರು, ಅರವತ್ತರ ಮುಖ ಕೊಟ್ಟ ಮೇಕಪ್ ಅಣ್ಣ, ದಿನಾ ನಲವತ್ತು ಜನಕ್ಕೆ ಸಾರು ಮುದ್ದೆ ಮಾಡಿದ ಅಡುಗೆಯವರು, ರಂಗಾಯಣದ ಅಂಗಳದಲ್ಲಿ ಸಿಕ್ಕಿ ಇಲ್ಲಿಯವರೆಗೂ ಕೈಬಿಡದ ಗೆಳೆಯರು, ಕಾನೂನು ಬಿಡಿಸಿ ಹೇಳಿದ ವಕೀಲ ಗೆಳತಿ, ಮಂಡಿ ಮೊಹಲ್ಲಾದ ಹಳೇ ಮನೆ ಬಿಟ್ಟುಕೊಟ್ಟ ಅಜ್ಜ, ರಾತ್ರಿ ಲೈಟು ಜನರೇಟರ್ ಸಹಿಸಿಕೊಂಡ ಆ ಗಲ್ಲಿಯ ಮನೆಗಳವರು, ನಿಮಗೆಲ್ಲ ಕೈಮುಗಿದು ಥ್ಯಾಂಕ್ಸ್.

ಇನ್ನು ಅಕ್ಕ.

ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಮಂಡ್ಯದ ಕಡೆಯವರು. ಇಂಥದೇ ಮನೆ ನಡೆಸಿದವರು, ಬಿಟ್ಟು ಬಹಳ ವರ್ಷವಾಯಿತು. ಪಾತ್ರಕ್ಕೆ ತಯಾರಿ ಬೇಕು ಅಂತ ಅವರ ಹತ್ತಿರ ಹೋದಾಗ ನನ್ನ ಕೈಯಲ್ಲಿ ಪ್ರಶ್ನೆಗಳ ಪುಸ್ತಕ ಇತ್ತು. ಅದನ್ನು ಮುಚ್ಚಿಸಿ ಎಲೆ ಮಡಿಸೋದು ಕಲಿಸಿದರು. ಗಿರಾಕಿ ಬಂದು ಕೂತರೆ ಯಜಮಾನಿ ಮೊದಲು ದುಡ್ಡಿನ ಮಾತಾಡೋದಿಲ್ಲವಂತೆ. ಎಲೆ ತೊಟ್ಟು ಮುರೀತಾಳೆ, ಸುಣ್ಣ ಹಚ್ಚುತ್ತಾಳೆ, ಅಡಿಕೆ ಇಡುತ್ತಾಳೆ. ಅಷ್ಟರಲ್ಲಿ ಅವನು ಎಷ್ಟು ಕುಡಿದಿದ್ದಾನೆ, ಕೈ ನಡುಗುತ್ತಿದೆಯಾ, ಮಫ್ತಿಯಲ್ಲಿ ಬಂದ ಪೊಲೀಸಾ, ಒಳಗಿರೋ ಹೆಂಗಸರಿಗೆ ಹೊಡೆಯೋ ಜಾತಿಯವನಾ, ಎಲ್ಲ ನೋಡಿ ಮುಗಿಸಿರುತ್ತಾಳೆ. ಸಿನಿಮಾದಲ್ಲಿ ನೀವೆಲ್ಲ ಹೊಗಳುತ್ತಿರುವ ಎಲೆಡಬ್ಬಿ ಸೀನು ಅಕ್ಕನದು. ಡಬ್ಬಿಯೂ ಅಕ್ಕನದೇ.

ಕಾನೂನು ನನಗೆ ವಕೀಲ ಗೆಳತಿಯಿಂದ ಗೊತ್ತಾಯಿತು, ಅಕ್ಕನಿಗೆ ಬದುಕಿನಿಂದ ಗೊತ್ತಿತ್ತು. 1956ರ ಅನೈತಿಕ ಸಾಗಾಟ ತಡೆ ಕಾಯ್ದೆ, ಪೊಲೀಸರ ಬಾಯಲ್ಲಿ ಐಟಿಪಿ. ಇಬ್ಬರು ಹೆಂಗಸರು ಒಂದೇ ಮನೆಯಲ್ಲಿ ಸೇರಿ ಈ ಕೆಲಸ ಮಾಡಿದರೂ ಅದು ವೇಶ್ಯಾಗೃಹ. ಗೊತ್ತಿದ್ದೂ ಬಾಡಿಗೆಗೆ ಕೊಟ್ಟ ಓನರ್ ಮೇಲೂ ಕೇಸು. ಹದಿನೆಂಟು ದಾಟಿದವರು ಯಾರೇ ಆಗಲಿ, ಗೊತ್ತಿದ್ದೂ ಆ ದುಡಿಮೆಯಲ್ಲಿ ಬದುಕಿದರೆ ಅವರ ಮೇಲೂ ಕೇಸು. ಮಗನೂ ಅದಕ್ಕೆ ಹೊರತಲ್ಲ. ಮಗನಿಗೆ ಹದಿನೆಂಟು ತುಂಬಿದ ದಿನ ಅಕ್ಕ ಪಾಯಸ ಮಾಡಿ ಬಡಿಸಿ, ಅವನ ಬಟ್ಟೆ ಕಟ್ಟಿ ಬೇರೆ ಊರಿನ ಬಸ್ಸು ಹತ್ತಿಸಿದರು. ನಮ್ಮ ಸಿನಿಮಾದಲ್ಲಿ ಅದು ಎರಡು ನಿಮಿಷ ಬರುತ್ತದೆ, ಮಾತಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅಕ್ಕ ಗಟ್ಟಿಯಾಗಿ ನಿಂತರು. ‘ನನ್ನ ದೇವತೆ ಮಾಡ್ಬೇಡಿ ಕಣ್ರವ್ವ. ಅವರ ದುಡ್ಡಲ್ಲಿ ಅರ್ಧ ನಾನೇ ತಗತಿದ್ದೆ. ಅದನ್ನೂ ತೋರ್ಸಿ.’ ತೋರಿಸಿದ್ದೇವೆ. ನನ್ನ ಪ್ರಕಾರ ಸಿನಿಮಾ ನಿಂತಿರೋದೇ ಅದರ ಮೇಲೆ.

ಈಗ ಆ ರಾತ್ರಿ. ಕೆಲವರಿಗೆ ಮಾತ್ರ ಗೊತ್ತು.

ಸೆಟ್ಟಿನ ಒಂದು ಫೋಟೋ ಹೇಗೋ ನಮ್ಮೂರಿನ ವಾಟ್ಸಾಪ್ ಗುಂಪಿಗೆ ಹೋಗಿತ್ತು. ಕೆಳಗೆ ಯಾರೋ ಒಂದೇ ಒಂದು ಪದ ಬರೆದಿದ್ದರು. ನಿಮಗೆ ಗೊತ್ತಾಗುತ್ತೆ ಯಾವುದು ಅಂತ. ಹತ್ತೂವರೆಗೆ ಅಪ್ಪನ ಫೋನು. ‘ಇನ್ನು ಊರ ಕಡೆ ಬರಬೇಡ’ ಅಂತ ಹೇಳಿ ಇಟ್ಟುಬಿಟ್ಟರು. ನಾಳೆಯಿಂದ ನಾನು ಬರೋದಿಲ್ಲ ಅಂತ ಎಲ್ಲರ ಮುಂದೆ ಹೇಳಿ, ಹಿತ್ತಲ ಮೆಟ್ಟಿಲ ಮೇಲೆ ಕೂತು ಅಳುವುದಕ್ಕೆ ಶುರು ಮಾಡಿದೆ. ಸಮಾಧಾನ ಮಾಡಿ ಮಾಡಿ ಒಬ್ಬೊಬ್ಬರೇ ಮಲಗಲು ಹೋದರು. ಅವರ ತಪ್ಪಲ್ಲ, ಬೆಳಗ್ಗೆ ಐದಕ್ಕೆ ಕೆಲಸ ಇತ್ತು.

ಅಕ್ಕ ಹೋಗಲಿಲ್ಲ. ಶಾಲು ಹೊದ್ದು ಪಕ್ಕ ಕೂತರು. ಎರಡು ಸಲ ಕಾಫಿ ಮಾಡಿ ತಂದರು. ನಾನು ಹೇಳಿದ್ದನ್ನೇ ಹೇಳುತ್ತಿದ್ದೆ: ನನ್ನನ್ನ ಆ ಹೆಸರಿನಿಂದ ಕರೆದರಲ್ಲ ಅಕ್ಕ, ನಾನೇನು ತಪ್ಪು ಮಾಡಿದೀನಿ, ನನಗೆ ಯಾಕೆ ಆ ಹೆಸರು. ಎಷ್ಟು ಸಲ ಹೇಳಿದೆನೋ. ಅಕ್ಕ ಬೆನ್ನು ಸವರುತ್ತಾ ಕೇಳಿಸಿಕೊಂಡರು. ಆಮೇಲೆ ತುಂಬಾ ಮೆಲ್ಲಗೆ ಅಂದರು, ‘ಮೊದಮೊದಲು ಹಂಗೇ ಆಯ್ತದೆ ಕಣವ್ವ.’

ಆಗ ನನಗೆ ತಟ್ಟಿತು. ನಲವತ್ತು ವರ್ಷದಿಂದ ಆ ಪದ ಹೊತ್ತುಕೊಂಡವರ ತೊಡೆಯ ಮೇಲೆ ತಲೆಯಿಟ್ಟು, ಒಂದೇ ಒಂದು ದಿನ ಅದು ನನ್ನ ಮೇಲೆ ಬಿತ್ತು ಅಂತ ಅಳುತ್ತಿದ್ದೆ. ಅವರ ಹಾಗೆ ನನ್ನನ್ನು ಅಂದುಬಿಟ್ಟರು ಅಂತ ಅವರಿಗೇ ದೂರು ಹೇಳುತ್ತಿದ್ದೆ. ನನ್ನ ನಾಲಿಗೆ ಬಿದ್ದು ಹೋಗಬಾರದಿತ್ತಾ. ಕ್ಷಮಿಸಿ ಅನ್ನೋಕೂ ಬಾಯಿ ಬರಲಿಲ್ಲ. ಅಕ್ಕ ಅದನ್ನೂ ಕೇಳಲಿಲ್ಲ. ಇಲ್ಲಿ ಕೇಳುತ್ತಿದ್ದೇನೆ. ಕ್ಷಮಿಸಿ ಅಕ್ಕ.

ಬೆಳಗಿನ ಜಾವ ಎಲೆಡಬ್ಬಿಯ ತಳದಿಂದ ಮಡಿಸಿಟ್ಟ ಪೇಪರ್ ತುಂಡು ತೆಗೆದು ತೋರಿಸಿದರು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಈ ಕೆಲಸದ ಹೆಂಗಸರನ್ನೂ ಪೊಲೀಸರು ಗೌರವದಿಂದ ನಡೆಸಿಕೊಳ್ಳಬೇಕು ಅಂದ ಸುದ್ದಿ. ಮನೆ ನಡೆಸುವುದು ಮಾತ್ರ ಅಪರಾಧವೇ ಅಂತಲೂ ಅದರಲ್ಲಿತ್ತು. ‘ಇದು ನಮ್ಮನೇಲಿದ್ದೋರಿಗೆ, ನಂಗಲ್ಲ. ಆದ್ರೂ ಇಟ್ಕಂಡಿವ್ನಿ’ ಅಂದರು. ಅದಕ್ಕೆ ಸುಣ್ಣದ ಕಲೆ ಆಗಿತ್ತು.

ನಾನು ಹನ್ನೆರಡನೇ ಶತಮಾನದ ಸೂಳೆ ಸಂಕವ್ವೆಯ ಬಗ್ಗೆ ಹೇಳಿದೆ. ಆಕೆಯದು ಒಂದೇ ಒಂದು ವಚನ ಸಿಕ್ಕಿದೆ, ಅದರ ಅಂಕಿತ ನಿರ್ಲಜ್ಜೇಶ್ವರ. ಅಕ್ಕ ಅದನ್ನ ಮತ್ತೆ ಮತ್ತೆ ಹೇಳಿಸಿಕೊಂಡರು. ‘ನಾಚ್ಕೆ ಇಲ್ದೋರ ದೇವ್ರಾ?’ ಅಂತ ಕೇಳಿ ಸುಮ್ನೆ ಕೂತರು. ಅಷ್ಟೊತ್ತಿಗೆ ಹಕ್ಕಿ ಕೂಗುತ್ತಿತ್ತು. ಐದಕ್ಕೆ ನಾನೇ ಹೋಗಿ ಮೇಕಪ್ಪಿಗೆ ಕೂತೆ.

ಅಪ್ಪ ಇನ್ನೂ ಮಾತಾಡಿಲ್ಲ. ಭಾನುವಾರ ಅಮ್ಮ ಒಬ್ಬರೇ ಬಂದಿದ್ದರು, ಕೊನೇ ಸಾಲಿನಲ್ಲಿ, ಅಕ್ಕನ ಪಕ್ಕ. ಯಾರು ಅಂತ ಗೊತ್ತಿಲ್ಲದೆಯೇ ಇಬ್ಬರೂ ಒಂದೇ ಪೊಟ್ಟಣದಿಂದ ಕಡಲೆಕಾಯಿ ತಿಂದರಂತೆ. ಲೈಟು ಹಾಕುವ ಮುಂಚೆಯೇ ಅಕ್ಕ ಎದ್ದು ಹೋಗಿಬಿಟ್ಟಿದ್ದರು. ಬಸ್ಸು ತಪ್ಪುತ್ತೆ ಅಂತ ಅಮ್ಮನಿಗೆ ಹೇಳಿದರಂತೆ.

ಅಕ್ಕ, ಇದನ್ನ ಯಾರಾದರೂ ನಿಮಗೆ ಓದಿ ಹೇಳುತ್ತಾರೆ. ಡಬ್ಬಿ ನನ್ನ ಹತ್ತಿರವೇ ಇದೆ, ಪೇಪರ್ ತುಂಡೂ ಅದರಲ್ಲೇ ಇದೆ, ನೆನೆದಿಲ್ಲ. ಬರುವ ಭಾನುವಾರ ತರ್ತೀನಿ. ದೇವರಾಜ ಮಾರ್ಕೆಟ್ಟಿನಿಂದ ಚಿಗುರೆಲೆನೂ ತರ್ತೀನಿ. ಅಮ್ಮನೂ ಬರ್ತೀನಿ ಅಂದಿದ್ದಾರೆ. ನೀವು ಯಾರು ಅಂತ ಈಗ ಅವರಿಗೆ ಗೊತ್ತು.