ಕಾಕಾಗೆ ಒಂದು ಪತ್ರ, 111 ಪಾಯಿಂಟ್ ಬಗ್ಗೆ

ಬರ್ಮಿಂಗ್‌ಹ್ಯಾಮ್
4 ಮೇ 2025, ರವಿವಾರ

ತೀರ್ಥರೂಪ ಸಮಾನರಾದ ಕಾಕಾ ಅವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಬೆಳಗಾವಿಯಲ್ಲಿ ನೀವೆಲ್ಲ ಕ್ಷೇಮ ಅಂತ ನಂಬಿದ್ದೇನೆ. ಫೋನ್ ಇರುವಾಗ ಪತ್ರ ಯಾಕೆ ಅಂತ ಕಾಕು ನಗಬಹುದು. ಏನು ಮಾಡೋದು, ಫೋನಿನಲ್ಲಿ ನಾನು ಫುಟ್‌ಬಾಲ್ ಮಾತು ತೆಗೆದ ಕೂಡಲೇ ನೀವು "ಮೂರನೇ ದರ್ಜೆ ಟೀಮು ಗೆದ್ರ ಏನ್ ದೊಡ್ಡ ಮಾತಪ್ಪಾ" ಅಂತ ನಕ್ಕು, ಫೋನನ್ನು ಅವ್ವನ ಕೈಗೆ ಕೊಟ್ಟುಬಿಡುತ್ತೀರಿ. ಪತ್ರದಲ್ಲಿ ಹಾಗೆ ತಪ್ಪಿಸಿಕೊಳ್ಳೋಕಾಗಲ್ಲ.

ನಿನ್ನೆ ಇಲ್ಲಿ ಮೂರನೇ ದರ್ಜೆಯ ಲೀಗ್ ಮುಗಿಯಿತು. ನಮ್ಮ ಟೀಮು ಬರ್ಮಿಂಗ್‌ಹ್ಯಾಮ್ ಸಿಟಿ ಕೊನೆಯ ಮ್ಯಾಚನ್ನೂ ಗೆದ್ದಿತು, ಕೇಂಬ್ರಿಜ್‌ನಲ್ಲಿ 2-1. ಒಟ್ಟು 46 ಮ್ಯಾಚ್. 34 ಗೆಲುವು, 9 ಡ್ರಾ, ಬರೀ 3 ಸೋಲು. 111 ಪಾಯಿಂಟ್! ಇಂಗ್ಲೆಂಡಿನ ಮೇಲಿನ ನಾಲ್ಕು ದರ್ಜೆಗಳಲ್ಲಿ ಒಂದೇ ಸೀಸನ್ನಿಗೆ ಇಷ್ಟು ಪಾಯಿಂಟ್ ಯಾರೂ ಮಾಡಿರಲಿಲ್ಲ. ಹಿಂದಿನ ದಾಖಲೆ ರೆಡಿಂಗ್ ಟೀಮಿನದು, 2005-06ರಲ್ಲಿ 106. ನಿನ್ನೆಯೇ ಆರ್‌ಸಿಬಿ ಚೆನ್ನೈಯನ್ನು 2 ರನ್ನಿನಿಂದ ಸೋಲಿಸಿತಲ್ಲ, ಹಾಗಾಗಿ ನಮ್ಮ ಮನೆಯಲ್ಲಿ ಈ ಸುದ್ದಿ ಯಾರಿಗೂ ಬೇಕಿರಲಿಲ್ಲ ಅನ್ನೋದು ನನಗೆ ಗೊತ್ತು.

ಹೋದ ಸಲ ನೀವು ಕೇಳಿದ್ದಿರಿ, ಅದೇ ಊರಿನಲ್ಲಿ ಆ್ಯಸ್ಟನ್ ವಿಲ್ಲಾ ಇದೆ, ಯುರೋಪಿನ ದೊಡ್ಡ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಆಡುತ್ತಿದೆ, ಅದನ್ನು ಬಿಟ್ಟು ಇದರ ಹಿಂದೆ ಯಾಕೆ ಬಿದ್ದೆ ಅಂತ. ನ್ಯಾಯವಾದ ಪ್ರಶ್ನೆ. ಏಪ್ರಿಲ್ 8ಕ್ಕೆ ನಮ್ಮವರು ಪೀಟರ್‌ಬರೋದಲ್ಲಿ 2-1 ಗೆದ್ದು ಬಡ್ತಿ ಪಕ್ಕಾ ಮಾಡಿಕೊಂಡರು. ಮರುದಿನವೇ ವಿಲ್ಲಾ ಪ್ಯಾರಿಸ್‌ನಲ್ಲಿ ಪಿಎಸ್‌ಜಿ ಎದುರು ಕ್ವಾರ್ಟರ್ ಫೈನಲ್ ಆಡಿತು. ಪೇಪರಿನಲ್ಲಿ ಯಾರಿಗೆ ಜಾಸ್ತಿ ಜಾಗ ಸಿಕ್ಕಿತು ಅಂತ ನಾನು ಹೇಳಬೇಕಾ? ಆದರೆ ನಾನು ಕೆಲಸ ಮಾಡುವ ಮಷಿನ್ ಶಾಪ್ ಇರುವುದು ಊರಿನ ಪೂರ್ವಕ್ಕೆ. ಅಲ್ಲಿ ಎಲ್ಲರೂ ನೀಲಿ ಪಾರ್ಟಿ, ಅಂದರೆ ಸಿಟಿ ಕಡೆಯವರು. ವಿಲ್ಲಾ ಹೆಸರು ಎತ್ತಿದರೆ ಚಹಾ ಕೂಡ ಸಿಗಲ್ಲ.

ಇವರ ಕಥೆ ಸ್ವಲ್ಪ ಹಿಂದಿನಿಂದ ಹೇಳಬೇಕು. 2011ರಲ್ಲಿ ಇದೇ ಟೀಮು ವೆಂಬ್ಲಿಯಲ್ಲಿ ಆರ್ಸೆನಲ್‌ನ ಸೋಲಿಸಿ ಲೀಗ್ ಕಪ್ ಎತ್ತಿತ್ತು. ಅದೇ ಸೀಸನ್ನಿನ ಕೊನೆಗೆ ಮೊದಲ ದರ್ಜೆಯಾದ ಪ್ರೀಮಿಯರ್ ಲೀಗ್‌ನಿಂದ ಕೆಳಗೆ ಇಳಿಯಿತು. ಒಂದೇ ವರ್ಷದಲ್ಲಿ ಎರಡೂ! ಅಲ್ಲಿಂದ ಎರಡನೇ ದರ್ಜೆಯಲ್ಲಿ ಏಳುತ್ತಾ ಬೀಳುತ್ತಾ ಇತ್ತು. 2023ರಲ್ಲಿ ಅಮೆರಿಕದ ಹೊಸ ಮಾಲೀಕರು ಬಂದರು. ಅಕ್ಟೋಬರ್‌ನಲ್ಲಿ ಟೀಮು 6ನೇ ಸ್ಥಾನದಲ್ಲಿತ್ತು. ಮ್ಯಾನೇಜರ್ ಜಾನ್ ಯೂಸ್ಟೆಸ್ ಒಳ್ಳೆ ಕೆಲಸ ಮಾಡುತ್ತಿದ್ದರು. ಅವರನ್ನು ತೆಗೆದು ವೇಯ್ನ್ ರೂನಿಯನ್ನು ತಂದರು. ಹೆಸರು ದೊಡ್ಡದು, ಪೇಪರಿನಲ್ಲಿ ಫೋಟೋ ಚೆನ್ನಾಗಿ ಬರುತ್ತೆ. 15 ಮ್ಯಾಚ್, ಎರಡೇ ಗೆಲುವು. ಟೀಮು 20ಕ್ಕೆ ಇಳಿಯಿತು, ಹೊಸ ವರ್ಷ ಬಂದ ಕೂಡಲೇ ರೂನಿಯೂ ಮನೆಗೆ. ಆಮೇಲೆ ಬಂದ ಟೋನಿ ಮೊಬ್ರೆ ಪಾಪ ಕಾಯಿಲೆ ಬಿದ್ದರು.

ಉದ್ಯಮಬಾಗದಲ್ಲಿ ನೀವು ಲೇತ್ ಕಲಿಸುವಾಗ ಹೊಸ ಹುಡುಗರಿಗೆ ಒಂದೇ ಮಾತು ಹೇಳುತ್ತಿದ್ದಿರಿ: ಜಾಬ್ ಸರಿಯಾಗಿ ಬರುತ್ತಿದ್ದರೆ ಸೆಟಿಂಗ್‌ಗೆ ಕೈ ಹಚ್ಚಬೇಡ. ಆ ಮಾಲೀಕರಿಗೆ ಈ ಮಾತು ಹೇಳೋರು ಯಾರೂ ಇರಲಿಲ್ಲ ಅನ್ನಿಸುತ್ತೆ.

2024ರ ಮೇ 4, ಇವತ್ತಿಗೆ ಸರಿಯಾಗಿ ಒಂದು ವರ್ಷ. ಕೊನೆಯ ಮ್ಯಾಚ್ ನಾರಿಚ್ ಎದುರು. ಪೈಕ್ ಸುಂಗ್‌ಹೋ ಅನ್ನೋ ಕೊರಿಯಾದ ಹುಡುಗ ಹೆಡ್ ಮಾಡಿ ಗೋಲು ಹೊಡೆದ. 1-0 ಗೆದ್ದರು. ಗೆದ್ದೂ ಕೆಳಗೆ ಹೋದರು, ಯಾಕೆಂದರೆ ಬೇರೆ ಕಡೆ ಪ್ಲಿಮತ್ ಕೂಡ ಗೆದ್ದಿತ್ತು. ಅವರದು 51 ಪಾಯಿಂಟ್, ನಮ್ಮದು 50. ಮೂರನೇ ದರ್ಜೆಗೆ ಈ ಕ್ಲಬ್ಬು ಹೋಗಿದ್ದು 1995ರ ನಂತರ ಇದೇ ಮೊದಲು. ನಮ್ಮ ಶಾಪಿನಲ್ಲಿ ನನ್ನ ಪಕ್ಕದ ಮಷಿನ್ ನಡೆಸುವ ಅಜ್ಜ ಸೋಮವಾರ ರಜೆ ಮುಗಿಸಿ ಬಂದವರು ಯಾರ ಜೊತೆಗೂ ಮಾತಾಡಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಮಾತ್ರ, ಸೀಸನ್ ಟಿಕೆಟ್ ಮತ್ತೆ ತಗೊಂಡೆ ಅಂತ ಹೇಳಿದರು. ಜೋರು ದನಿಯಲ್ಲಲ್ಲ, ಕರೆಂಟ್ ಬಿಲ್ ಕಟ್ಟಿದೆ ಅನ್ನೋ ಹಾಗೆ.

ನನಗೆ ಈ ಟೀಮಿನ ಹುಚ್ಚು ಹಿಡಿದಿದ್ದು ಅಲ್ಲಿಂದ.

ಹೊಸ ಮ್ಯಾನೇಜರ್ ಕ್ರಿಸ್ ಡೇವಿಸ್. ಟಾಟನ್‌ಹ್ಯಾಮ್‌ನಲ್ಲಿ ಸಹಾಯಕ ಕೋಚ್ ಆಗಿದ್ದವರು, ಒಂದು ಟೀಮನ್ನು ಪೂರ್ತಿ ತಾವೇ ನಡೆಸುವುದು ಇದೇ ಮೊದಲು. ಸಂಧಿವಾತದಿಂದ ತೀರಾ ಚಿಕ್ಕ ವಯಸ್ಸಿಗೇ ಆಟ ಬಿಟ್ಟವರು. ಈ ಸಲ ಮಾಲೀಕರು ಸುಮ್ನೆ ಕೂತರು. ದುಡ್ಡು ಮಾತ್ರ ಸುರಿದರು, ಅದನ್ನು ನಾನು ಮುಚ್ಚಿಡಲ್ಲ. ಜೇ ಸ್ಟ್ಯಾನ್ಸ್‌ಫೀಲ್ಡ್ ಅನ್ನೋ ಫಾರ್ವರ್ಡ್‌ಗೆ ಕೊಟ್ಟಿದ್ದು ಒಂದೂವರೆ ಕೋಟಿ ಪೌಂಡ್ ಅಂತ ಪೇಪರುಗಳು ಬರೆದವು. ನಮ್ಮ ಲೆಕ್ಕದಲ್ಲಿ 160 ಕೋಟಿ ರೂಪಾಯಿ ದಾಟುತ್ತೆ. ಮೂರನೇ ದರ್ಜೆಯಲ್ಲಿ ಅಷ್ಟು ದುಡ್ಡು ಯಾರೂ ಯಾರಿಗೂ ಕೊಟ್ಟಿರಲಿಲ್ಲ. "ದುಡ್ಡಿದ್ದವ ಗೆದ್ದ, ಅದರಾಗೇನೈತಿ" ಅಂತ ನೀವು ಅನ್ನೋದು ಇಲ್ಲಿಂದಲೇ ಕೇಳಿಸುತ್ತಿದೆ. ಒಪ್ಪುತ್ತೇನೆ, ಅರ್ಧ. ಇದೇ ಮಾಲೀಕರು ಹಿಂದಿನ ವರ್ಷವೂ ಇದ್ದರು, ಆಗ ಬಿದ್ದಿದ್ದು ದುಡ್ಡು ಸಾಲದೆ ಅಲ್ಲವಲ್ಲ.

ಸೆಪ್ಟೆಂಬರ್ 16ರ ರಾತ್ರಿ ರೆಕ್ಸಮ್ ಬಂದಿತ್ತು, ಹಾಲಿವುಡ್ ನಟರು ಮಾಲೀಕರಾಗಿರುವ ಟೀಮು. ಅಜ್ಜನ ಮಗನಿಗೆ ಬರಲು ಆಗಲಿಲ್ಲ, ಟಿಕೆಟ್ ನನಗೆ ಬಂತು. ಸೇಂಟ್ ಆ್ಯಂಡ್ರೂಸ್ ಗ್ರೌಂಡು ದಿಬ್ಬದ ಮೇಲಿದೆ. ಕೆಳಗಿನ ಕಾವೆಂಟ್ರಿ ರೋಡಿನಲ್ಲಿ ಸಮೋಸಾ ಅಂಗಡಿ, ಬಟ್ಟೆ ಅಂಗಡಿ. ಅದರ ನಡುವೆ ನೀಲಿ ಮಫ್ಲರ್ ಹಾಕಿಕೊಂಡ ಜನ ಮೇಲಕ್ಕೆ ಹೋಗ್ತಾನೇ ಇದ್ದರು. ಅಜ್ಜ ಬಾವ್ರಿಲ್ ಅಂತ ದನದ ಮಾಂಸದ ಬಿಸಿ ಸಾರು ಕುಡಿದರು. ನಾನು ಚಹಾ ಮಾತ್ರ ಕುಡಿದೆ, ಅವ್ವನಿಗೆ ಇದನ್ನು ಮರೆಯದೆ ಹೇಳಿ. ಇನ್ನೂ ಸರಿಯಾಗಿ ಕೂತಿರಲಿಲ್ಲ, ರೆಕ್ಸಮ್ ಗೋಲು ಹೊಡೆಯಿತು. ಲೇಲೆ ಮೈದಾನದಲ್ಲಾದರೆ ಆ ಹೊತ್ತಿಗೆ ಅರ್ಧ ಜನ ನಮ್ಮ ಡಿಫೆನ್ಸಿನವರ ಮನೆತನವನ್ನೇ ಎಣಿಸುತ್ತಿದ್ದರು. ಇಲ್ಲಿ ಹಾಡು ಇನ್ನೂ ಜೋರಾಯಿತು. ಸ್ಟ್ಯಾನ್ಸ್‌ಫೀಲ್ಡ್ ಎರಡು ಹೊಡೆದ, ಜಪಾನಿನ ಇವಾಟಾ ಒಂದು. 3-1. ಎರಡನೇ ಗೋಲಿಗೆ ಹಿಂದಿನ ಸಾಲಿನ ಯಾರೋ ನನ್ನ ತಲೆ ಹಿಡಿದು ಮುತ್ತು ಕೊಟ್ಟರು. ಯಾರು ಅಂತ ತಿರುಗಿ ನೋಡುವಷ್ಟರಲ್ಲಿ ಅವರು ಇನ್ನೊಬ್ಬರನ್ನು ಹಿಡಿದಿದ್ದರು.

ಪೀಟರ್‌ಬರೋ ಮ್ಯಾಚಿನ ದಿನ ನನಗೆ ಸೆಕೆಂಡ್ ಶಿಫ್ಟ್. ಶಾಪಿನಲ್ಲಿ ರೇಡಿಯೋ. ಕೊನೆಯ ಹತ್ತು ನಿಮಿಷ ಯಾರೂ ಹೊಸ ಜಾಬ್ ಕಟ್ಟಲಿಲ್ಲ, ಸೂಪರ್‌ವೈಸರೂ ಏನೂ ಅನ್ನಲಿಲ್ಲ. ಮ್ಯಾಚ್ ಮುಗಿದಾಗ ಅಜ್ಜ ವರ್ನಿಯರ್ ಕೆಳಗಿಟ್ಟು, ಕನ್ನಡಕ ತೆಗೆದು, ಕೈ ಒರೆಸುವ ಎಣ್ಣೆ ಬಟ್ಟೆಯಲ್ಲೇ ಮುಖ ಒರೆಸಿಕೊಂಡರು. ಹಣೆ ಪೂರ್ತಿ ಕಪ್ಪು. ಎಲ್ಲರೂ ನಕ್ಕೆವು, ಅವರೂ ನಕ್ಕರು. ಐದು ದಿನ ಬಿಟ್ಟು ಇನ್ನೊಂದು ಕಪ್ಪಿನ ಫೈನಲ್ಲಿಗೆ ವೆಂಬ್ಲಿಗೆ ಹೋಗಿ, ಅದೇ ಪೀಟರ್‌ಬರೋ ಕೈಲಿ 2-0 ಸೋತು ಬಂದರು. ಅದನ್ನು ಇಲ್ಲಿ ಯಾರೂ ಮಾತಾಡಲ್ಲ.

ಕಾಕಾ, ನಿಮಗೆ ಇದು ಬೇರೆಯವರಿಗಿಂತ ಚೆನ್ನಾಗಿ ಗೊತ್ತಾಗಬೇಕು ಅಂತಲೇ ಇಷ್ಟು ಬರೆದೆ. ನೀವು ಚೋರ್ಲಾ ಘಾಟ್ ಇಳಿದು ಗೋವಾದ ಫತೋರ್ಡಾಕ್ಕೆ ಹೋಗಿ ಅಲ್ಲಿನ ಡೆಂಪೊ ಕ್ಲಬ್ಬಿನ ಮ್ಯಾಚ್ ನೋಡುತ್ತಿದ್ದ ಕಾಲ ನನಗೆ ನೆನಪಿದೆ. ಅರ್ಮಾಂಡೊ ಕೊಲಾಸೊ ಕೋಚ್, ಐದು ಸಲ ದೇಶದ ಚಾಂಪಿಯನ್. ಆ ಡೆಂಪೊ 2015ರಲ್ಲಿ ಕೆಳಗೆ ಬಿತ್ತು. ಮರುವರ್ಷವೇ ಎರಡನೇ ದರ್ಜೆ ಗೆದ್ದು ಮೇಲೆ ಬರುವ ಹಕ್ಕು ಸಂಪಾದಿಸಿತು. ಆದರೆ ಏನಾಯಿತು? ಐಎಸ್‌ಎಲ್ ಅನ್ನೋ ಹೊಸ ದೊಡ್ಡ ಲೀಗಿಗೆ ಆಡಿ ಗೆದ್ದು ಹೋಗುವ ದಾರಿಯೇ ಇಲ್ಲ ಅಂದರು. ಗೋವಾದ ಡೆಂಪೊ, ಸಾಲ್ಗಾಂವ್ಕರ್, ಸ್ಪೋರ್ಟಿಂಗ್ ಮೂರೂ ಕ್ಲಬ್ಬು ಐ-ಲೀಗ್ ಅನ್ನೋ ಹಳೇ ದೇಶದ ಲೀಗ್ ಬಿಟ್ಟು ಹೊರಗೆ ನಡೆದವು. ಅವತ್ತಿನಿಂದ ನೀವು ಟಿವಿಯಲ್ಲೂ ಫುಟ್‌ಬಾಲ್ ಹಾಕಲಿಲ್ಲ. ಡೆಂಪೊ ಈಗ ಮತ್ತೆ ಐ-ಲೀಗ್‌ಗೆ ಬಂದಿದೆ ಅಂತ ಹೇಳಿದರೂ ನೀವು ಹೂಂ ಅನ್ನಲಿಲ್ಲ. ಈ ವರ್ಷದ ಐ-ಲೀಗ್ ಟ್ರೋಫಿ ಚರ್ಚಿಲ್‌ನದೋ ಇಂಟರ್ ಕಾಶಿಯದೋ ಅನ್ನೋ ಜಗಳ ಇನ್ನೂ ಮುಗಿದಿಲ್ಲ, ಹಾಗಾಗಿ ನಿಮ್ಮ ಸಿಟ್ಟು ತಪ್ಪು ಅಂತ ನಾನು ಹೇಳಲ್ಲ.

ಇಲ್ಲಿ ಬೀಳುವ ಲೆಕ್ಕವೂ ಏರುವ ಲೆಕ್ಕವೂ ಸೀಸನ್ ಶುರುವಾಗುವ ಮೊದಲೇ ಎಲ್ಲರಿಗೂ ಗೊತ್ತು. ಮೂರನೇ ದರ್ಜೆಯಲ್ಲಿ ಮೊದಲ ಎರಡು ಟೀಮು ನೇರ ಮೇಲೆ. ಮೂರರಿಂದ ಆರರವರೆಗಿನವರು ತಮ್ಮೊಳಗೆ ಆಡಿ ಗೆದ್ದವರು ಮೇಲೆ. ಕೆಳಗಿನ ನಾಲ್ಕು ಟೀಮು ಕೆಳಗೆ. ಯಾರಿಗೂ ಯಾರ ಕಾಲೂ ಹಿಡಿಯಬೇಕಿಲ್ಲ. ರೆಕ್ಸಮ್ ಹೀಗೇ ಎರಡನೇ ಸ್ಥಾನ ಹಿಡಿದು ಸತತ ಮೂರನೇ ವರ್ಷ ಬಡ್ತಿ ಪಡೆಯಿತು. ಅಜ್ಜ ಸೀಸನ್ ಟಿಕೆಟ್‌ಗೆ ಅಷ್ಟು ಆರಾಮಾಗಿ ದುಡ್ಡು ಕಟ್ಟಿದ್ದು ಈ ಲೆಕ್ಕದ ಮೇಲಿನ ನಂಬಿಕೆಯಿಂದಲೇ ಅಂತ ನನ್ನ ಅಂದಾಜು. ನೀವು ಫತೋರ್ಡಾಕ್ಕೆ ಹೋಗೋದು ಬಿಟ್ಟಿದ್ದು ಆ ನಂಬಿಕೆ ಹೋದದ್ದಕ್ಕೆ, ಡೆಂಪೊ ಸೋತಿದ್ದಕ್ಕಲ್ಲ.

ಆಗಸ್ಟಿನಿಂದ ನಮ್ಮದು ಎರಡನೇ ದರ್ಜೆ. ಅಲ್ಲಿ 34 ಗೆಲುವು ಕನಸಿನ ಮಾತು, ಮೊದಲ ಹತ್ತರಲ್ಲಿ ಬಂದರೂ ನನಗೆ ಖುಷಿ. ಅಜ್ಜ ಮಾತ್ರ ಈಗಲೇ ಪ್ರೀಮಿಯರ್ ಲೀಗ್ ಅನ್ನುತ್ತಿದ್ದಾರೆ. ದೀಪಾವಳಿಗೆ ಬರುವಾಗ ನಿಮಗೆ ನೀಲಿ ಜೆರ್ಸಿ ತರುತ್ತೇನೆ, ಎಕ್ಸ್‌ಎಲ್ ಸಾಕಾ, ಅದಕ್ಕಿಂತ ದೊಡ್ಡದು ಬೇಕಾ ಅಂತ ಕಾಕುಗೆ ಹೇಳಿ ಮೆಸೇಜ್ ಮಾಡಿಸಿ.

ಊರಲ್ಲಿ ಕಸ ಎತ್ತುವವರ ಮುಷ್ಕರ ಮಾರ್ಚ್‌ನಿಂದ ನಡೆದಿದೆ, ಅದೊಂದು ಬಿಟ್ಟರೆ ಎಲ್ಲ ಆರಾಮ. ಟಿಳಕವಾಡಿಯ ಹುಡುಗನೊಬ್ಬ ಜೂನ್‌ನಲ್ಲಿ ಇಲ್ಲಿಗೆ ಹೊರಟಿದ್ದಾನೆ, ಮನೆಗೆ ಬಂದು ನಿಮ್ಮನ್ನು ಕಾಣುತ್ತಾನೆ. ಅವನ ಕೈಲಿ ಕುಂದಾ ಕಳಿಸಬೇಡಿ, ದಾರಿಯಲ್ಲಿ ಅವನೇ ತಿಂದುಬಿಡುತ್ತಾನೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಸಾಕು. ಅಜ್ಜನಿಗೂ ಸೇರಿಸಿ ಸ್ವಲ್ಪ ಜಾಸ್ತಿ ಕಟ್ಟಿಸಿ, ಅವರಿಗೆ ಖಾರ ನಡೆಯುತ್ತೆ.

ಇತಿ ನಿಮ್ಮ
ಸಣ್ಯಾ