ಮಂಚದ ಪಕ್ಕದ ಮಾತು

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಆಸ್ಪತ್ರೆಯಲ್ಲಿ ನರ್ಸ್ ಡ್ಯೂಟಿಗೆ ಹೋಗಲು ಶುರು ಮಾಡಿ ಒಂದು ವಾರ ಆಯಿತು ಅಂತ ನಿನ್ನಮ್ಮ ಹೇಳಿದಳು. ಡ್ರಿಪ್ ಹಾಕುವುದು, ಇಂಜೆಕ್ಷನ್ ಕೊಡುವುದನ್ನು ಅಲ್ಲಿಯವರು ಕಲಿಸುತ್ತಾರೆ, ಅದರಲ್ಲಿ ನನಗೆ ಗೊತ್ತಿರುವುದೆಲ್ಲ ಈಗ ಹಳೆಯದಾಯಿತು. ನಾನು ಹೇಳಬೇಕೆಂದಿರುವುದು ಮಾತಿನ ವಿಷಯ. ಅದನ್ನು ನಾನು ತಪ್ಪು ಮಾಡಿಯೇ ಕಲಿತೆ.

ಕೆಲಸಕ್ಕೆ ಸೇರಿದ ಹೊಸತು. ನಾನೂ ಜೊತೆಯವಳೂ ಒಬ್ಬ ವಯಸ್ಸಾದ ಹೆಂಗಸಿನ ಬೆಡ್‌ಶೀಟ್ ಬದಲಿಸುತ್ತಿದ್ದೆವು. ಅವರನ್ನು ಮಗ್ಗುಲಿಗೆ ಹೊರಳಿಸಿ, ಆಚೆಗೊಬ್ಬರು ಈಚೆಗೊಬ್ಬರು ನಿಂತು ರಜೆ ಸಿಗದ ಬಗ್ಗೆ ಗೊಣಗುತ್ತಿದ್ದೆವು. ಮಧ್ಯೆ ನಾನು, "ಒಂಬತ್ತನೇ ಬೆಡ್ಡು ಇವತ್ತೂ ಒದ್ದೆ" ಅಂದುಬಿಟ್ಟೆ. ಅವರು ತುಟಿ ಬಿಚ್ಚಲಿಲ್ಲ. ಆದರೆ ಆವತ್ತಿನಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ಎರಡು ದಿನ ಬಿಟ್ಟು ನೋಡಿದರೆ ನಾಲಿಗೆ ಒಣಗಿತ್ತು, ಮೂತ್ರ ಕಡು ಹಳದಿ. ಯಾಕಮ್ಮ ಅಂತ ಕೇಳಿದರೆ, "ನಿಮಗೆ ಸುಮ್ನೆ ತೊಂದರೆ ಯಾಕೆ" ಅಂದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಅದಕ್ಕೇ ಹೇಳುತ್ತೇನೆ, ಮಲಗಿರುವವರ ಮೈಮೇಲಿಂದ ಮಾತಾಡಬೇಡ. ಪಿಸುಗುಟ್ಟಲೂ ಬೇಡ. ರೋಗಿಯ ಕೋಣೆಯಲ್ಲಿ ಪಿಸುಮಾತಾಡುವುದು ಕ್ರೌರ್ಯ ಅಂತ ಫ್ಲಾರೆನ್ಸ್ ನೈಟಿಂಗೇಲ್ ಎಂದೋ ಬರೆದಿದ್ದರು. ನನ್ನ ಬಗ್ಗೆಯೇ ಏನೋ ಹೇಳುತ್ತಿದ್ದಾರೆ ಅಂತ ರೋಗಿ ಕಿವಿ ನಿಮಿರಿಸಿ ದಣಿಯುತ್ತಾರೆ, ಅಲ್ವಾ? ಪ್ರಜ್ಞೆ ಇಲ್ಲದವರ ಹತ್ತಿರವೂ, "ಈಗ ನಿಮ್ಮ ಕೈ ಎತ್ತುತ್ತೇನೆ" ಅಂತ ಹೇಳಿಯೇ ಎತ್ತು. ಕೇಳಿಸುತ್ತಿರಬಹುದು.

ಮೊದಲು ನಿನ್ನ ಹೆಸರು ಹೇಳು. ಕೇಟ್ ಗ್ರೇಂಜರ್ ಅಂತ ಬ್ರಿಟನ್ನಿನ ಒಬ್ಬ ಡಾಕ್ಟರ್ ಇದ್ದರು. ಕ್ಯಾನ್ಸರ್ ಬಂದು ತಾವೇ ರೋಗಿಯಾಗಿ ಮಲಗಿದಾಗ, ಹೆಸರೂ ಹೇಳದೆ ಬಂದು ಹೋಗುವ ಸಿಬ್ಬಂದಿಯನ್ನು ಕಂಡು ನೊಂದರು. 2013ರಲ್ಲಿ "ನಮಸ್ಕಾರ, ನನ್ನ ಹೆಸರು..." ಅನ್ನುವ ಆ ಒಂದು ಮಾತನ್ನೇ ಹಿಡಿದು ಆಂದೋಲನ ಶುರು ಮಾಡಿದರು.

ಆಮೇಲೆ ಅವರ ಹೆಸರು ಕೇಳು. "ನೀವು ಇಂಥವರು ಅಲ್ವಾ?" ಅಂತ ಕೇಳಬೇಡ. ಕಿವಿ ಮಂದ ಇರುವವರು, ನಿದ್ದೆಗಣ್ಣಿನವರು ಯಾವ ಹೆಸರಿಗೂ ಹೂಂ ಅಂದುಬಿಡುತ್ತಾರೆ. ಮಾತ್ರೆ ತಪ್ಪಿ ಬೇರೆಯವರ ಹೊಟ್ಟೆಗೆ ಹೋಗುವುದು ಹೀಗೇ. ಹೆಸರನ್ನೂ ಹುಟ್ಟಿದ ದಿನವನ್ನೂ ಅವರ ಬಾಯಲ್ಲೇ ಹೇಳಿಸಿ, ಕೈಗೆ ಕಟ್ಟಿರುವ ಹೆಸರಿನ ಪಟ್ಟಿ ನೋಡು. ಬೆಡ್ ನಂಬರು ನಂಬಬೇಡ, ಜನ ಜಾಗ ಬದಲಾಯಿಸುತ್ತಾರೆ. ಎಲ್ಲರನ್ನೂ ಅಜ್ಜಿ, ತಾತ ಅನ್ನುವುದೂ ನನಗೆ ಅಷ್ಟು ಇಷ್ಟವಿಲ್ಲ. ಏನಂತ ಕರೆಯಲಿ ಅಂತ ಒಮ್ಮೆ ಕೇಳಿದರೆ ನಿನ್ನ ಗಂಟೇನು ಹೋಗುತ್ತದೆ?

ಸೂಜಿ ಚುಚ್ಚುವಾಗ "ಏನೂ ನೋವಾಗಲ್ಲ" ಅನ್ನಬೇಡ. ನೋವಾದ ಮೇಲೆ ನಿನ್ನ ಮುಂದಿನ ಮಾತನ್ನು ಯಾರು ನಂಬುತ್ತಾರೆ? "ಒಂದು ನಿಮಿಷ ಬಂದೆ" ಅನ್ನುವುದೂ ಅಷ್ಟೇ. ಅರ್ಧ ಗಂಟೆ ಆಗುವುದಾದರೆ ಅರ್ಧ ಗಂಟೆ ಅಂತಲೇ ಹೇಳು. ಬೆಡ್‌ಪ್ಯಾನ್ ಕೇಳಿದವರನ್ನು ಮಾತ್ರ ಕಾಯಿಸಬೇಡ, ನಾಚಿಕೆ ಬಿಟ್ಟು ಕೇಳುವಷ್ಟರಲ್ಲಿ ಅವರು ಎಷ್ಟೋ ಹೊತ್ತು ತಡೆದುಕೊಂಡಿರುತ್ತಾರೆ. ಪರದೆ ಎಳೆಯುವುದು ಮರೆಯಬೇಡ.

ರೋಗಿಯ ಕಡೆಯವರು ಕೂಗಾಡುತ್ತಾರೆ. ಜಾಸ್ತಿ ಪಾಲು ಅದು ಹೆದರಿಕೆ. ಆದರೆ ಕೈ ಎತ್ತಿದರೆ ಸಹಿಸಬೇಕಿಲ್ಲ, ತಕ್ಷಣ ಹಿರಿಯರನ್ನು ಕರೆ.

ನೈಟ್ ಡ್ಯೂಟಿ ಮುಗಿದ ದಿನ ನನಗೆ ಫೋನ್ ಮಾಡಬೇಡ, ಮಲಗು. ರಜೆ ಸಿಕ್ಕಾಗ ಬಾ. ಯಾವ ಬೆಡ್ಡಿನಲ್ಲಿ ಯಾರಿಗೆ ಏನಾಗಿತ್ತು ಅಂತ ನನ್ನ ಹತ್ತಿರವೂ ಹೇಳಕೂಡದು. ನಾನೇ ಆಸೆಪಟ್ಟು ಕೇಳಿದರೂ!

ಇಂತಿ,
ನಿನ್ನ ದೊಡ್ಡಮ್ಮ