ಅಂಚೆಯಲ್ಲಿ ಬಾರದ ವಿದ್ಯೆ

ಡೊಂಬಿವಲಿ

ಚಿ. ಶ್ವೇತಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಅಪ್ಪ ಮೊನ್ನೆ ಫೋನಿನಲ್ಲಿ ಅರ್ಧ ಗಂಟೆ ಕೂಗಾಡಿದ. ಹನ್ನೆರಡನೆಯ ತರಗತಿಯಲ್ಲಿ ಇಷ್ಟು ಅಂಕ ತೆಗೆದವಳು ಬಿ.ಕಾಂ. ಬಿಟ್ಟು ಐಟಿಐಗೆ ಹೋಗುತ್ತಾಳಂತೆ, ಅದೂ ಎಲೆಕ್ಟ್ರಿಷಿಯನ್ ಆಗಲು. ಊರಿನವರಿಗೆ ಏನು ಹೇಳಲಿ ಎಂಬುದು ಅವನ ಸಂಕಟ. ಊರಿನವರೇನು ಅವಳ ಫೀಸು ಕಟ್ಟುತ್ತಾರೆಯೇ ಎಂದೆ. ಫೋನ್ ಇಟ್ಟುಬಿಟ್ಟ.

ನನ್ನ ಕಥೆ ನಿನಗೆ ಅರ್ಧ ಗೊತ್ತು. ಹಗಲು ಮುಂಬಯಿಯ ಫೋರ್ಟಿನ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಇರುಳು ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ಬಿ.ಕಾಂ. ಮುಗಿಸಿ ಪರೇಲಿನ ಒಂದು ಬಟ್ಟೆ ಮಿಲ್ಲಿನಲ್ಲಿ ಗುಮಾಸ್ತನಾದೆ. ಊರಿನಲ್ಲಿ ಅಮ್ಮ ಸತ್ಯನಾರಾಯಣ ಪೂಜೆ ಮಾಡಿಸಿದಳು. 1982ರ ಜನವರಿ 18ರಂದು ಮಿಲ್ ಮುಷ್ಕರ ಶುರುವಾಯಿತು. ನಮ್ಮ ಮಿಲ್ಲಿನ ಬಾಗಿಲು ಮತ್ತೆ ತೆರೆಯಲೇ ಇಲ್ಲ. ನನ್ನ ಖೋಲಿಯಲ್ಲೇ ಇದ್ದ ಫಿಟ್ಟರ್ ಎರಡು ತಿಂಗಳಲ್ಲಿ ಭಿವಂಡಿಗೆ ಹೋಗಿ ಪವರ್‌ಲೂಮ್ ರಿಪೇರಿಗೆ ನಿಂತ. ಅವನನ್ನು ಯಾರೂ ಸರ್ಟಿಫಿಕೇಟ್ ಕೇಳಲಿಲ್ಲ. ಕೆಟ್ಟುನಿಂತ ಮಗ್ಗ ತೋರಿಸಿದರು, ಓಡಿಸಿ ತೋರಿಸಿದ. ನಾನು ಪದವಿಪತ್ರ ಹಿಡಿದು ಒಂದೂವರೆ ವರ್ಷ ಅಲೆದೆ. ಆದರೆ ಇದನ್ನೂ ಹೇಳದಿದ್ದರೆ ಅನ್ಯಾಯ: ಮಿಲ್ಲಿನಿಂದ ಬಾಕಿ ಹಣದ ಕಾಗದ ಬಂದಾಗ ಅವನು ನನ್ನ ಬಳಿಗೇ ಬಂದ. ಓದದೆಯೇ ಸಹಿ ಹಾಕಲು ಹೊರಟಿದ್ದ ಆ ಇಂಗ್ಲಿಷ್ ಕಾಗದದಲ್ಲಿ ಅವನ ನಾಲ್ಕು ವರ್ಷದ ದುಡಿಮೆಯೇ ಬಿಟ್ಟುಹೋಗಿತ್ತು.

ಕಳೆದ ಚೌತಿಗೆ ನಮ್ಮ ಮನೆಯ ಫ್ಯಾನು ಗುಂಯ್‌ಗುಡುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ. ದೊಡ್ಡಮ್ಮ ಪೊರಕೆಯ ಹಿಡಿಯಿಂದ ತಳ್ಳಿ ಓಡಿಸುತ್ತಿದ್ದಳು. ನೀನು ಮೇನ್ ಸ್ವಿಚ್ ಆರಿಸಿ, ಟೆಸ್ಟರ್ ಹಿಡಿದು ನೋಡಿ, ಸಾಲದೆಂದು ಇನ್ನೊಮ್ಮೆ ನೋಡಿ, ಸ್ಟೇಷನ್ ಬಳಿಯಿಂದ 2.5 ಮೈಕ್ರೋಫ್ಯಾರಡ್ ಕೆಪಾಸಿಟರ್ ತರಿಸಿ ಹಾಕಿದೆ. ಫ್ಯಾನು ತಿರುಗಿದ್ದಕ್ಕಿಂತ ನೀನು ಎರಡನೆಯ ಸಲ ನೋಡಿದ್ದು ನನಗೆ ಹಿಡಿಸಿತು.

ಐಟಿಐಗೇ ಸೇರು. ಎರಡು ವರ್ಷದ ಮಾತು. ಬಿ.ಕಾಂ. ಬೇಕೆನಿಸಿದರೆ ನಾಶಿಕದ ಯಶವಂತರಾವ್ ಚವ್ಹಾಣ್ ಮುಕ್ತ ವಿಶ್ವವಿದ್ಯಾಲಯದಿಂದ ಮನೆಯಲ್ಲೇ ಕುಳಿತು ಮುಗಿಸಬಹುದು. ವೈರಿಂಗ್ ಅಂಚೆಯಲ್ಲಿ ಬರುವುದಿಲ್ಲ. ಆಮೇಲೆ ಅಪ್ರೆಂಟಿಸ್ ತರಬೇತಿ ಇದೆ, 1961ರ ಕಾಯ್ದೆಯ ಪ್ರಕಾರ ಸ್ಟೈಪೆಂಡ್ ಕೊಡಲೇಬೇಕು. ಪಾಲಿಟೆಕ್ನಿಕ್ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರ ಪ್ರವೇಶವೂ ಉಂಟು, ಅದು ಮುಗಿದರೆ ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ. ಅಪ್ಪನಿಗೆ ಈ ಕೊನೆಯ ವಾಕ್ಯವನ್ನೇ ಮೊದಲು ಓದಿ ಹೇಳು.

ಐಟಿಐಗಳೆಲ್ಲ ಒಂದೇ ಥರ ಇರುವುದಿಲ್ಲ. ಅರ್ಜಿ ಹಾಕುವ ಮುನ್ನ ಕೆಲಸದ ದಿನವೇ ಹೋಗಿ ವರ್ಕ್‌ಶಾಪಿನ ಬಾಗಿಲಲ್ಲಿ ಹತ್ತು ನಿಮಿಷ ನಿಲ್ಲು. ಮೋಟರ್ ಬಿಚ್ಚಿ ಹರವಿದ್ದಾರೆಯೇ, ಮೇಷ್ಟ್ರ ಕೈಗೆ ಮಸಿ ಮೆತ್ತಿದೆಯೇ, ಇಲ್ಲವೇ ಮೀಟರುಗಳೆಲ್ಲ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕುಳಿತಿವೆಯೇ ನೋಡು. ಹುಡುಗಿಯರು ಎಷ್ಟು ಮಂದಿ, ಶೌಚಾಲಯ ಎಲ್ಲಿ ಎಂದೂ ಕೇಳು, ನಾಚಿಕೆ ಬೇಡ. ಇಂಗ್ಲಿಷ್ ಮಾತ್ರ ಬಿಡಬೇಡ. ಭಿವಂಡಿಗೆ ಹೋದವನ ಕಾಗದ ನೆನಪಿರಲಿ.

ಭಾನುವಾರ ಥಾಣೆಗೆ ಬಂದು ಅಪ್ಪನ ಜೊತೆ ನಾನೇ ಮಾತನಾಡುತ್ತೇನೆ. ನೀನು ನಡುವೆ ಬಾಯಿ ಹಾಕಬೇಡ. ಬರುವಾಗ ದೊಡ್ಡಮ್ಮನ ಮಿಕ್ಸರ್ ತರುತ್ತೇನೆ. ಎರಡನೆಯ ಸ್ಪೀಡಿಗೆ ಹಾಕಿದರೆ ಸುಟ್ಟ ವಾಸನೆ ಬರುತ್ತಿದೆ.

ನಿನ್ನ ದೊಡ್ಡಪ್ಪ